ಮೊದಲು ಬಕೆಟ್, ಆಮೇಲೆ ಸೋಪು

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ದೋಣಿಯೂ ಟ್ರ್ಯಾಕ್ಟರೂ ಓಡಾಡಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದೇ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ಅಂದರೆ ಪತ್ರಿಕೆಗಳ ಟಿ.ಕೆ. ಹಳ್ಳಿ, ಅಲ್ಲಿನ ಪಂಪ್‌ಹೌಸಿಗೂ ಮಳೆನೀರು ನುಗ್ಗಿ ಯಂತ್ರಗಳು ಮುಳುಗಿದವು. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ ಹತ್ತಿ ಬೆಂಗಳೂರು ಸೇರಬೇಕು. ಆ ಏಣಿಯ ಮೊದಲ ಮೆಟ್ಟಿಲೇ ನೀರಲ್ಲಿ ಮುಳುಗಿದ ಮೇಲೆ ಊರಿನ ಹಲವು ಕಡೆ ನಲ್ಲಿ ಒಣಗಿತು. ಬೀದಿಯಲ್ಲಿ ಮೊಣಕಾಲುದ್ದ ನೀರು, ಬಚ್ಚಲುಮನೆಯಲ್ಲಿ ಕೈ ತೊಳೆಯಲು ಚೊಂಬು ನೀರಿಗೆ ತತ್ವಾರ. ಸಂಪಿನ ಬಾಯಿಗೆ ಮೋರಿ ನೀರು ಇಳಿದಿದ್ದವರ ಪಾಡಂತೂ ಕೇಳುವುದೇ ಬೇಡ.

ಅಂಥ ಎಷ್ಟೋ ಮನೆಗಳ ಬೀರುವಿನಲ್ಲಿ, ಎರಡು ವರ್ಷದ ಹಿಂದಿನ ಕೊರೊನಾ ಗಾಬರಿಯಲ್ಲಿ ಕೊಂಡ ಸ್ಯಾನಿಟೈಸರ್, ಹ್ಯಾಂಡ್‌ವಾಶ್, ನೆಲ ಒರೆಸುವ ದ್ರಾವಣದ ಬಾಟಲಿಗಳು ಸಾಲಾಗಿ ನಿಂತೇ ಇದ್ದಿರಬೇಕು. ಸಾಮಾನಿಗೆ ಕೊರತೆ ಇರಲಿಲ್ಲ. ಅದನ್ನು ಬಳಸಲು ಬೇಕಾದ ನೀರು ಇರಲಿಲ್ಲ, ಬಳಸಿದ ನೀರು ಹೋಗಲು ದಾರಿ ಇರಲಿಲ್ಲ. ತುರ್ತಿಗೆಂದು ಶುಚಿಯ ಸಾಮಾನು ಕೂಡಿಡುವ ಮಾತು ಬಂದಾಗ ನಮ್ಮ ಯೋಚನೆ ಅಂಗಡಿಯಿಂದ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ಬಚ್ಚಲು ಮತ್ತು ಪಾಯಖಾನೆಯಿಂದ.

ಗಾಬರಿಯ ಖರೀದಿಗೆ ಜಗತ್ತಿನ ಅತಿ ಪ್ರಸಿದ್ಧ ಉದಾಹರಣೆ ಜಪಾನಿನದು. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಶುರುವಾಗಿ ಕಚ್ಚಾ ತೈಲದ ಬೆಲೆ ಏರಿತು. ಕಾಗದ ಉಳಿಸಿ ಎಂದು ಅಲ್ಲಿನ ಸರ್ಕಾರ ಜನರನ್ನು ಕೇಳಿಕೊಂಡಿತು. ಆ ತಿಂಗಳ ಕೊನೆಗೆ ಒಸಾಕಾದ ಸೆನ್ರಿ ಎಂಬ ಹೊಸ ಬಡಾವಣೆಯ ಅಂಗಡಿಯೊಂದರ ಮುಂದೆ ಟಾಯ್ಲೆಟ್ ಪೇಪರಿಗೆ ಸರತಿ ನಿಂತಿತು, ಪತ್ರಿಕೆ, ಟಿ.ವಿ. ಆ ಸರತಿಯನ್ನು ದೇಶಕ್ಕೆಲ್ಲ ತೋರಿಸಿದವು. ಕೆಲವೇ ದಿನಗಳಲ್ಲಿ ಊರೂರಿನ ಅಂಗಡಿಗಳ ಕಪಾಟು ಬರಿದು. ಕಾಗದದ ಕಾರ್ಖಾನೆಗಳು ನಿಂತಿರಲಿಲ್ಲ, ಯಂತ್ರಗಳು ಎಂದಿನಂತೆ ಓಡುತ್ತಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಟಿ.ವಿ. ನಿರೂಪಕ ಜಾನಿ ಕಾರ್ಸನ್ ಟಾಯ್ಲೆಟ್ ಪೇಪರ್ ಅಭಾವದ ಬಗ್ಗೆ ಒಂದು ತಮಾಷೆ ಮಾಡಿದ್ದಕ್ಕೆ ಅಲ್ಲೂ ಇದೇ ಕಥೆ ನಡೆಯಿತು. ನೀರು ಬಳಸುವ ನಮಗೆ ಇದೆಲ್ಲ ನಗೆಯ ವಸ್ತು. ಆದರೆ 2020ರ ಮಾರ್ಚಿನಲ್ಲಿ ಸ್ಯಾನಿಟೈಸರಿಗೆ ನಾವು ಮಾಡಿದ್ದೂ ಬೇರೆಯೇನಲ್ಲ. ಕೇಂದ್ರ ಸರ್ಕಾರ ಅದನ್ನೂ ಮಾಸ್ಕನ್ನೂ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, 200 ಮಿಲಿಲೀಟರ್ ಬಾಟಲಿಗೆ 100 ರೂಪಾಯಿ ಮೀರಬಾರದು ಎಂದು ಬೆಲೆ ಕಟ್ಟಬೇಕಾಯಿತು. ಪಕ್ಕದ ಕಪಾಟಿನಲ್ಲೇ ಬಾರ್ ಸೋಪು ಕೇಳುವವರಿಲ್ಲದೆ ಕೂತಿತ್ತು. ಕೊಳೆ, ಜಿಡ್ಡು ಮೆತ್ತಿದ ಕೈಯನ್ನು ಸ್ಯಾನಿಟೈಸರ್ ಸರಿಯಾಗಿ ಶುಚಿ ಮಾಡುವುದಿಲ್ಲ, ವಾಂತಿಭೇದಿ ತರುವ ನೋರೋವೈರಸ್ಸಿನ ಮೇಲೂ ಅದರ ಆಟ ಅಷ್ಟಾಗಿ ನಡೆಯದು. ಅದಕ್ಕೆ ಸೋಪೇ ಬೇಕು. ಮೇಲಾಗಿ ಸ್ಯಾನಿಟೈಸರ್ ಎಂದರೆ ಮುಕ್ಕಾಲುಪಾಲು ಮದ್ಯಸಾರ. ಐದು ಲೀಟರಿನ ಕ್ಯಾನ್ ತಂದು ಗ್ಯಾಸ್ ಒಲೆಯ ಕಟ್ಟೆಯ ಕೆಳಗೆ ಇಟ್ಟವರನ್ನು ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜಪಾನ್ ಆ ಪ್ರಹಸನದಿಂದ ಪಾಠ ಕಲಿತದ್ದು ಬೇರೆ ಬಗೆಯಲ್ಲಿ. ಅವರ ಟಾಯ್ಲೆಟ್ ಪೇಪರಿನ ಸುಮಾರು ಶೇ 40ರಷ್ಟು ತಯಾರಾಗುವುದು ಷಿಜುಒಕಾ ಎಂಬ ಒಂದೇ ಪ್ರಾಂತ್ಯದಲ್ಲಿ, ಅದೋ ದೊಡ್ಡ ಭೂಕಂಪದ ಭಯ ಇರುವ ಪ್ರದೇಶ. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ತಿಂಗಳಿಗಾಗುವಷ್ಟು ಇರಲಿ ಎಂದು ಸರ್ಕಾರವೇ ಹೇಳುತ್ತದೆ. 1923ರ ಕಾಂಟೊ ಮಹಾಭೂಕಂಪದ ನೆನಪಿಗೆ ಸೆಪ್ಟೆಂಬರ್ 1ನ್ನು ವಿಪತ್ತು ಸಿದ್ಧತೆಯ ದಿನವಾಗಿ ಆಚರಿಸುತ್ತಾರೆ. ಮನೆಯ ದಾಸ್ತಾನು ತೆಗೆದು ನೋಡುವ ದಿನವೂ ಅದೇ. ಅವರ ಪದ್ಧತಿ ಸರಳ. ದಿನಬಳಕೆಯದನ್ನೇ ಸ್ವಲ್ಪ ಹೆಚ್ಚು ಇಟ್ಟುಕೊಳ್ಳುವುದು, ಹಳೆಯದನ್ನು ಮೊದಲು ತೆಗೆಯುವುದು, ತೆಗೆದಷ್ಟನ್ನು ಹಿಂದಿನಿಂದ ತುಂಬುವುದು. ತುರ್ತಿಗೆಂದೇ ಬೇರೆ ಪೆಟ್ಟಿಗೆ ಕಟ್ಟಿ ಮಂಚದಡಿ ತಳ್ಳಿ ಮರೆಯುವ ರೂಢಿಗಿಂತ ಇದು ಎಷ್ಟೋ ಮೇಲು.

ಮಲೆನಾಡಿನ ಮಂದಿಗೆ ಇದನ್ನು ಹೇಳಿದರೆ, ಇದರಲ್ಲೇನು ಹೊಸದು ಎಂದಾರು. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ಒಂಟಿಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಸಾಮಾನು ಮೇ ಮುಗಿಯುವ ಮೊದಲೇ ಅಟ್ಟ ಸೇರಬೇಕಿತ್ತು. ಹಪ್ಪಳ, ಉಪ್ಪಿನಕಾಯಿಯ ಮಾತು ಎಲ್ಲರೂ ಆಡುತ್ತಾರೆ. ಶುಚಿಯ ಸಾಮಾನಿನ ಮಾತು ಬರುವುದು ಕಡಿಮೆ. ಏಪ್ರಿಲ್ ಬಿಸಿಲಿಗೆ ಸೀಗೆಕಾಯಿ ಒಣಗಿಸಿ ಪುಡಿ ಮಾಡಿ ಡಬ್ಬಿ ತುಂಬುವುದು, ಅಂಟುವಾಳಕಾಯಿಯ ಬೀಜ ಬಿಡಿಸಿ ಸಿಪ್ಪೆ ಕಟ್ಟಿಡುವುದು, ಬಲಿತ ಹೀರೇಕಾಯಿಯ ನಾರು ತೆಗೆದು ಮೈ ಉಜ್ಜಲು ಇಟ್ಟುಕೊಳ್ಳುವುದು, ಬಚ್ಚಲೊಲೆಯ ಬೂದಿ ಜರಡಿ ಹಿಡಿದು ಪಾತ್ರೆ ತಿಕ್ಕಲು ಹಳೇ ಎಣ್ಣೆ ಡಬ್ಬಿಗೆ ಸುರಿಯುವುದು. ಬೂದಿ ಸುಮ್ಮನೆ ಬಂದದ್ದಲ್ಲ. ಅದರ ಕ್ಷಾರ ಜಿಡ್ಡನ್ನು ಹಿಡಿದೆಳೆಯುತ್ತದೆ. ಸೋಪು ಸಿಗದ ಕಡೆ ಕೈ ಉಜ್ಜಲು ಬೂದಿಯಾದರೂ ಇರಲಿ ಎಂದು ಆರೋಗ್ಯ ಸಂಸ್ಥೆಗಳು ಇಂದಿಗೂ ಹೇಳುತ್ತವೆ. ಅಂಟುವಾಳದಲ್ಲಿ ಸಪೋನಿನ್ ಎಂಬ ನೊರೆಯ ಅಂಶ ಇದೆ. ರೇಷ್ಮೆ ಸೀರೆ, ಚಿನ್ನದ ಸರ ತೊಳೆಯಲು ಅದನ್ನೇ ಹುಡುಕುವವರು ಈಗಲೂ ಇದ್ದಾರೆ. ಬಚ್ಚಲೊಲೆಯ ಮೇಲೆ ಅಡ್ಡ ಕಟ್ಟಿದ ಗಳವನ್ನೂ ಈ ಪಟ್ಟಿಗೆ ಸೇರಿಸಬೇಕು. ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಒಳಬಟ್ಟೆ, ಕೂಸಿನ ಬಟ್ಟೆ ಒಣಗುತ್ತಿದ್ದದ್ದು ಆ ಗಳದ ಮೇಲೆಯೇ. ಹೊಗೆಯ ವಾಸನೆ ಹೊಡೆಯುತ್ತಿತ್ತು, ಬೂಷ್ಟು ಹಿಡಿಯುತ್ತಿರಲಿಲ್ಲ.

ಹೀಗೆಂದು ನಾನೇನೂ ಹಳೆಯದೆಲ್ಲ ಚಿನ್ನ ಎಂಬ ಪಂಗಡದವನಲ್ಲ. ಅದೇ ಮನೆಗಳಲ್ಲಿ ಮುಟ್ಟಿನ ಬಟ್ಟೆಗೆ ಆ ಗಳದ ಮೇಲೂ ಜಾಗ ಇರುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಕೊಟ್ಟಿಗೆಯ ಮೂಲೆಯಲ್ಲಿ ಹಸಿಹಸಿಯಾಗಿ ಅಡಗಿಸಿಟ್ಟು, ಹಸಿಯಾಗಿಯೇ ಮತ್ತೆ ಬಳಸುತ್ತಿದ್ದರು. ಈ ನಾಚಿಕೆ ಮನೆಯದಷ್ಟೇ ಅಲ್ಲ, ಸರ್ಕಾರದ ಪಟ್ಟಿಗಳದೂ ಹೌದು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ದಿನಸಿ, ಹಾಲು, ಔಷಧಿಗೆ ವಿನಾಯಿತಿ ಇತ್ತು. ಸ್ಯಾನಿಟರಿ ಪ್ಯಾಡ್ ಅದರಲ್ಲಿ ಸೇರುತ್ತದೆಯೋ ಇಲ್ಲವೋ ಎಂಬುದು ಸ್ಪಷ್ಟವಿರಲಿಲ್ಲ. ದಿನಸಿ ಎಂದರೆ ಸೋಪು, ಡಿಟರ್ಜೆಂಟ್, ಟೂತ್‌ಪೇಸ್ಟ್, ಪ್ಯಾಡ್, ಡಯಾಪರ್ ಎಲ್ಲವೂ ಸೇರಿದ್ದು ಎಂದು ಕೇಂದ್ರ ಗೃಹ ಕಾರ್ಯದರ್ಶಿ ರಾಜ್ಯಗಳಿಗೆ ಪತ್ರ ಬರೆದದ್ದು ಮಾರ್ಚ್ 29ಕ್ಕೆ. ಶಾಲೆಗಳಲ್ಲಿ ರಾಜ್ಯ ಸರ್ಕಾರದ ಶುಚಿ ಯೋಜನೆಯಡಿ ಪ್ಯಾಡ್ ಪಡೆಯುತ್ತಿದ್ದ ಹುಡುಗಿಯರಿಗೆ ಶಾಲೆಯೇ ಮುಚ್ಚಿದ ಮೇಲೆ ಆ ದಾರಿಯೂ ಇರಲಿಲ್ಲ.

ವಿಪತ್ತಿನ ಪರಿಹಾರ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸ್ಫಿಯರ್ ಎಂಬ ಮಾನದಂಡಗಳಲ್ಲಿ ಇದಕ್ಕೊಂದು ಲೆಕ್ಕವಿದೆ: ತಿಂಗಳಿಗೆ ಒಬ್ಬರಿಗೆ 15 ಪ್ಯಾಡ್. ಮನೆಯಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳಿದ್ದರೆ 45. ಎರಡು ತಿಂಗಳಿಗೆ ಇಟ್ಟುಕೊಂಡರೂ ಒಂದು ರಟ್ಟಿನ ಪೆಟ್ಟಿಗೆ ಮೀರದು, ತೇವ ತಾಗದಿದ್ದರೆ ಬೇಗ ಕೆಡುವುದೂ ಇಲ್ಲ. ದಾಸ್ತಾನಿನ ಗೋಜೇ ಬೇಡ ಎನ್ನುವವರಿಗೆ ಮುಟ್ಟಿನ ಕಪ್ ಇದೆ. ಒಂದು ಕೊಂಡರೆ ವರ್ಷಗಟ್ಟಲೆ ಬರುತ್ತದೆ, ತಿಂಗಳಿಗೊಮ್ಮೆ ನೀರಲ್ಲಿ ಕುದಿಸಬೇಕಷ್ಟೆ. ರಾಜ್ಯ ಸರ್ಕಾರ 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಇದನ್ನು ಪ್ರಯೋಗಕ್ಕೆ ಕೊಟ್ಟಿತ್ತು. ಆದರೆ ಪ್ರವಾಹದ ನಡುವೆ ಮೊದಲ ಸಲ ಕಪ್ ಬಳಸಲು ಕಲಿಯುತ್ತೇನೆ ಎನ್ನುವುದು ಆಗದ ಮಾತು. ರೂಢಿ ಮೊದಲೇ ಆಗಿರಬೇಕು. ಇನ್ನೊಂದು ಸಂಗತಿ ಎಲ್ಲರೂ ಮರೆಯುವುದು: ಕಸದ ಗಾಡಿ ಬಾರದ ವಾರದಲ್ಲಿ ಬಳಸಿದ ಪ್ಯಾಡ್ ಎಲ್ಲಿಡುವುದು? ಹಳೇ ಪತ್ರಿಕೆ, ದಪ್ಪ ಚೀಲ, ಮುಚ್ಚಳವಿರುವ ಒಂದು ಡಬ್ಬಿ ಕೂಡ ಈ ದಾಸ್ತಾನಿನ ಭಾಗವೇ.

ಮತ್ತೆ ನೀರಿಗೆ ಬರೋಣ. ಕುಡಿಯಲು, ಅಡುಗೆಗೆ, ಕೈಕಾಲು ಮುಖಕ್ಕೆ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬುದು ಅದೇ ಸ್ಫಿಯರ್ ಲೆಕ್ಕ. ನಾಲ್ವರ ಮನೆಗೆ ಮೂರು ದಿನಕ್ಕೆ 180 ಲೀಟರ್, ಅಂದರೆ ಒಂದು ನೀಲಿ ಡ್ರಮ್ಮು. ಸೋಪು ಒಬ್ಬರಿಗೆ ತಿಂಗಳಿಗೆ ಮೈಗೆ 250 ಗ್ರಾಂ, ಬಟ್ಟೆಗೆ 200 ಗ್ರಾಂ. ನಾಲ್ವರಿಗೆ ನೂರು ಗ್ರಾಮಿನ ಹತ್ತು ಸೋಪು, ಕಾಲು ಕೆ.ಜಿ.ಯ ಮೂರು ನಾಲ್ಕು ಬಟ್ಟೆ ಬಾರು. ತಿಂಗಳ ಸೋಪಿನ ದಾಸ್ತಾನು ಒಂದು ಬೂಟಿನ ಡಬ್ಬಿಯಲ್ಲಿ ಹಿಡಿಸುತ್ತದೆ, ಮೂರೇ ದಿನದ ನೀರಿಗೆ ಡ್ರಮ್ಮು ಬೇಕು. ಅದಕ್ಕೇ ಮೊದಲು ಕೊಳ್ಳಬೇಕಾದದ್ದು ಮುಚ್ಚಳವಿರುವ ಬಕೆಟ್, ಕೊಡ, ಡ್ರಮ್ಮು. 2018ರಲ್ಲಿ ನೆರೆಗೆ ಸಿಕ್ಕ ಕೊಡಗಿಗೆ, ಮರುವರ್ಷ ಬೆಳಗಾವಿ, ಬಾಗಲಕೋಟೆ ಕಡೆಗೆ ಲಾರಿಗಟ್ಟಲೆ ಹಳೇ ಬಟ್ಟೆ ಕಳಿಸಿದ ನಾವು ಒಂದು ಬಕೆಟ್, ಒಂದು ಚೊಂಬು ಸೇರಿಸಲು ಮರೆತೆವು. ಮನೆ ಕಳಕೊಂಡವರಿಗೆ ನೀರು ಹಿಡಿದಿಡಲೂ ಏನೂ ಉಳಿದಿರುವುದಿಲ್ಲ.

ಪಾಯಖಾನೆಯ ಲೆಕ್ಕ ಬೇರೆ. ಹಳ್ಳಿಯ ಕಡೆಯ ಕುಕ್ಕರಗಾಲಿನಲ್ಲಿ ಕೂರುವ ಬೇಸಿನ್ನಿಗೆ ಒಂದೂವರೆ, ಎರಡು ಲೀಟರ್ ಸುರಿದರೆ ಸಾಕು. ಕಮೋಡಿನ ಫ್ಲಶ್ಶು ಒಂದು ಒತ್ತಿಗೆ ಆರೇಳು ಲೀಟರ್ ಕುಡಿಯುತ್ತದೆ, ಹಳೆಯದಾದರೆ ಇನ್ನೂ ಹೆಚ್ಚು. ಕರೆಂಟು ಹೋಗಿ ಮೋಟಾರು ನಿಂತು, ಲಿಫ್ಟೂ ಇಲ್ಲದೆ ಎಂಟನೇ ಮಹಡಿಗೆ ಕೊಡ ಹೊತ್ತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅಂಥ ದಿನ ಪಾತ್ರೆ ತೊಳೆದ ನೀರು, ಬಟ್ಟೆ ಜಾಲಾಡಿದ ನೀರು ಬಕೆಟ್ಟಿನಲ್ಲಿ ಹಿಡಿದಿಟ್ಟು ಕಮೋಡಿಗೆ ನೇರವಾಗಿ ರಭಸದಿಂದ ಸುರಿದರೆ ಕೆಲಸ ಆಗುತ್ತದೆ. ಪ್ರವಾಹದಲ್ಲಿ ಗುಂಡಿಯೇ ತುಂಬಿ ಹೊಲಸು ಹಿಂದಕ್ಕೆ ಉಕ್ಕುತ್ತಿದ್ದರೆ ನೀರು ಸುರಿದು ಪ್ರಯೋಜನವಿಲ್ಲ. ಆಗ ಬೇಕಾಗುವುದು ಮುಚ್ಚಳದ ಬಕೆಟ್, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಪ್ರತಿ ಸಲ ಮೇಲೆ ಉದುರಿಸಲು ಬೂದಿಯೋ ಮರದ ಹೊಟ್ಟೋ. ಹೇಳಲು ಮುಜುಗರ, ಓದಲೂ ಮುಜುಗರ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಇದನ್ನು ಮುಂಚೆಯೇ ಯೋಚಿಸಿಟ್ಟಿರದೆ ಗತಿಯಿಲ್ಲ.

ಸೋಪು ಕೂಡಿಡಲು ತಕ್ಕ ವಸ್ತು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾರ್ ಸೋಪು ವರ್ಷಗಟ್ಟಲೆ ಇಟ್ಟರೂ ಸುವಾಸನೆ ಕುಂದೀತೇ ಹೊರತು ತೊಳೆಯುವ ಗುಣ ಕುಂದದು. ಒಣಗಿ ಗಟ್ಟಿಯಾದಷ್ಟೂ ಹೆಚ್ಚು ದಿನ ಬಾಳುತ್ತದೆ. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಟಿ.ಎಫ್.ಎಂ. ಎಂದು ಬರೆದಿರುತ್ತಾರೆ, ಸೋಪಿನಲ್ಲಿ ಕೊಬ್ಬಿನಂಶ ಎಷ್ಟಿದೆ ಎಂಬ ಗುರುತು ಅದು. ಶೇ 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ. ಡಜನ್‌ಗಟ್ಟಲೆ ಮೈಸೂರು ಸ್ಯಾಂಡಲ್ ತಂದು ಸೀರೆಗಳ ನಡುವೆ ಜೋಡಿಸಿಡುತ್ತಿದ್ದ ಅತ್ತೆಯಂದಿರು ಪರಿಮಳದ ನೆಪದಲ್ಲಿ ಒಳ್ಳೇ ದಾಸ್ತಾನನ್ನೇ ಮಾಡುತ್ತಿದ್ದರು.

ಕೂಡಿಡಲು ಬಾರದ ವಸ್ತು ಯಾವುದೆಂದರೆ ಬ್ಲೀಚಿಂಗ್ ಪೌಡರ್. ದುರದೃಷ್ಟಕ್ಕೆ ನೆರೆ ಇಳಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದೂ ಅದೇ. ಹೊಸ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಶೇ 33 ಇರುತ್ತದೆ. ಪೊಟ್ಟಣ ಬಿಚ್ಚಿದರೆ ಮೂಗಿಗೆ ರಪ್ಪೆಂದು ಬಡಿಯಬೇಕು, ಪುಡಿ ಉದುರುದುರಾಗಿ ಬೆಳ್ಳಗಿರಬೇಕು. ಹೋದ ಮಳೆಗಾಲದಲ್ಲಿ ಬಿಚ್ಚಿ ರಬ್ಬರ್‌ಬ್ಯಾಂಡ್ ಹಾಕಿ ಬಚ್ಚಲ ಕಿಟಕಿಯಲ್ಲಿಟ್ಟ ಪೊಟ್ಟಣವನ್ನು ಈಗ ತೆಗೆದು ನೋಡಿ. ಹೆಂಟೆಹೆಂಟೆಯಾಗಿ ಗಂಟುಕಟ್ಟಿರುತ್ತದೆ, ತಳ ಒದ್ದೆ, ವಾಸನೆ ಇದೆಯೋ ಇಲ್ಲವೋ. ಗಾಳಿ, ಬೆಳಕು, ತೇವ ಮೂರೂ ಅದರ ಕ್ಲೋರಿನ್ನನ್ನು ಕದಿಯುತ್ತವೆ. ಉಳಿದದ್ದು ಬಹುಪಾಲು ಸುಣ್ಣ. ಅದನ್ನು ಬಾವಿಗೆ ಸುರಿದು ನೀರು ಶುದ್ಧವಾಯಿತೆಂದು ಕುಡಿದರೆ ಆಸ್ಪತ್ರೆಯ ದಾರಿ ಹಿಡಿದಂತೆ.

ಬಾವಿಗೆ ಹಾಕುವ ಕ್ರಮವೂ ಹೆಚ್ಚಿನವರಿಗೆ ಗೊತ್ತಿಲ್ಲ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಅಂದಾಜು ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಕೊಳೆ ನೀರು ಇಳಿದ ಬಾವಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಎಷ್ಟು ಎಂದು ಆರೋಗ್ಯ ಇಲಾಖೆಯವರು ನೀರನ್ನು ಪರೀಕ್ಷಿಸಿ ಹೇಳುತ್ತಾರೆ. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ತೆಳ್ಳಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಐದು ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಬೇಕು. ಗಷ್ಟನ್ನು ಬಾವಿಗೆ ಹಾಕಬಾರದು, ನೀರು ಗಡಸಾಗುತ್ತದೆ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ಪಂಚಾಯಿತಿಯ ನೀರುಗಂಟಿ ಟ್ಯಾಂಕಿಗೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮನೆಯಲ್ಲಿ ಇಟ್ಟುಕೊಳ್ಳಲು ಪುಡಿಗಿಂತ ಪಟ್ಟಿಯಲ್ಲಿ ಬರುವ ಕ್ಲೋರಿನ್ ಮಾತ್ರೆ ವಾಸಿ. ಪ್ರತಿ ಮಾತ್ರೆಯೂ ಸೀಲಾಗಿರುವುದರಿಂದ ಪಟ್ಟಿಯ ಮೇಲಿನ ದಿನಾಂಕದವರೆಗೆ ನಂಬಬಹುದು.

ಇಲ್ಲೊಂದು ಎಚ್ಚರಿಕೆ, ಅದೂ ಸ್ವಲ್ಪ ದನಿಯೇರಿಸಿಯೇ. ಕಮೋಡು ತೊಳೆಯುವ ಆಸಿಡ್‌ನ ಪಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಇಡಬೇಡಿ, ಎರಡನ್ನೂ ಒಟ್ಟಿಗೆ ಸುರಿಯಲೇಬೇಡಿ. ಅವು ಸೇರಿದರೆ ಏಳುವುದು ಕ್ಲೋರಿನ್ ಅನಿಲ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ. ಕಿಟಕಿ ಮುಚ್ಚಿದ ನಾಲ್ಕಡಿ ಬಚ್ಚಲಲ್ಲಿ, ಎರಡು ಸೇರಿದರೆ ಇನ್ನೂ ಚೆನ್ನಾಗಿ ಶುಚಿಯಾದೀತೆಂಬ ಆಸೆಯಿಂದ ಇದನ್ನು ಮಾಡಿ ಉಸಿರುಗಟ್ಟಿ ಬಿದ್ದವರಿದ್ದಾರೆ. ದಾಸ್ತಾನು ದೊಡ್ಡದಾದಷ್ಟೂ ಇಂಥ ಅಪಾಯ ಮನೆಯೊಳಗೆ ಹೆಚ್ಚುತ್ತದೆ. ಹತ್ತು ಬಗೆಯ ದ್ರಾವಣ ಬೇಕೆಂದು ನಮ್ಮನ್ನು ನಂಬಿಸಿದ್ದು ಜಾಹೀರಾತು. ನೆರೆ ಇಳಿದ ಮನೆಗೆ ಬೇಕಾದದ್ದು ಪೊರಕೆ, ಸೋಪುನೀರು, ಆಮೇಲೆ ಬ್ಲೀಚಿಂಗ್ ನೀರು, ಮೊಣಕಾಲಿನವರೆಗಿನ ಗಮ್‌ಬೂಟು, ರಬ್ಬರ್ ಕೈಗವಸು. ಬೂಟು, ಕೈಗವಸು ಯಾಕೆಂದರೆ ಇಲಿಯ ಮೂತ್ರ ಬೆರೆತ ಕೆಸರು ಗಾಯದ ಕಾಲಿಗೆ ತಾಗಿದರೆ ಇಲಿಜ್ವರ ಬರಬಹುದು.

ಇಷ್ಟೆಲ್ಲ ಹೇಳಿದ್ದು ತಿಂಗಳ ಸಾಮಾನು ಒಟ್ಟಿಗೆ ತರಬಲ್ಲವರಿಗೆ. ಎರಡು ರೂಪಾಯಿಯ ಶಾಂಪೂ ಸ್ಯಾಶೆ, ಹತ್ತು ರೂಪಾಯಿಯ ಚಿಕ್ಕ ಸೋಪು ದಿನಗೂಲಿಯ ಲೆಕ್ಕದಲ್ಲಿ ಕೊಳ್ಳುವ ಮನೆಗೆ ಹತ್ತು ಸೋಪು ಮುಂಗಡ ಕೊಂಡಿಡಿ ಎನ್ನುವುದು ಕೊಂಕು ಮಾತಾದೀತು. ಆ ಮನೆಯ ದಾಸ್ತಾನು ಇರುವುದು ಬೀದಿ ಕೊನೆಯ ಅಂಗಡಿಯ ಕಪಾಟಿನಲ್ಲಿ, ಉದ್ರಿ ಪುಸ್ತಕದ ಭರವಸೆಯಲ್ಲಿ. ಮಳೆ ಹಿಡಿದ ದಿನ ಕಾರಿನಲ್ಲಿ ಬಂದವರು ಆ ಕಪಾಟನ್ನು ಗುಡಿಸಿಕೊಂಡು ಹೋದರೆ ಕಷ್ಟಕ್ಕೆ ಬೀಳುವವರು ಅವರೇ. ಮೇ ತಿಂಗಳಲ್ಲೇ, ರೋಹಿಣಿ ಮಳೆಗೆ ಮುಂಚೆ, ವಾರಕ್ಕೆ ಎರಡು ಸೋಪು ಹೆಚ್ಚಿಗೆ ತರುತ್ತ ಹೋದವರಿಂದ ಅಂಗಡಿಗೇನೂ ತೊಂದರೆಯಿಲ್ಲ. ಮುಂದಿನ ಲೋಡಿನಲ್ಲಿ ಅಷ್ಟು ಮತ್ತೆ ಬರುತ್ತದೆ. ಇದ್ದವರು ಮುಂಚಿತವಾಗಿ ಕೊಳ್ಳಬೇಕು ಎನ್ನಲು ನನಗೆ ಕಾಣುವ ದೊಡ್ಡ ಕಾರಣ ಇದೇ.

ಒಬ್ಬೊಬ್ಬರಿಗೆ ಆಗದ್ದು ಸಂಘಕ್ಕೆ ಆಗುತ್ತದೆ. ಫಿನಾಯಿಲ್, ಸೋಪಿನ ಪುಡಿ ತಯಾರಿಸಿ ಮಾರುವ ಮಹಿಳಾ ಸ್ವಸಹಾಯ ಸಂಘಗಳು ಎಷ್ಟೋ ಹಳ್ಳಿಗಳಲ್ಲಿವೆ. ನದಿ ದಂಡೆಯ ಊರುಗಳಲ್ಲಿ ಅವರ ಕೋಣೆಯ ಎತ್ತರದ ಹಲಗೆಯ ಮೇಲೆ ಇಪ್ಪತ್ತು ಬಕೆಟ್, ನೂರು ಸೋಪು, ಪ್ಯಾಡಿನ ಕಟ್ಟು, ಕ್ಲೋರಿನ್ ಮಾತ್ರೆ ಇರಲಿ. ಅದಕ್ಕೆ ಪಂಚಾಯಿತಿ ದುಡ್ಡು ಕೊಡಲಿ. ಮಳೆಗಾಲ ಸುಮ್ಮನೆ ಕಳೆದರೆ ಸೋಪು, ಪ್ಯಾಡನ್ನು ದೀಪಾವಳಿ ಹೊತ್ತಿಗೆ ಕೊಂಡ ಬೆಲೆಗೇ ಸದಸ್ಯರಿಗೆ ಮಾರಿ, ಬಂದ ದುಡ್ಡಿನಲ್ಲಿ ಮುಂದಿನ ಮೇ ತಿಂಗಳಿಗೆ ಹೊಸದು ತರಬಹುದು. ಬಕೆಟ್ಟುಗಳು ಮಾತ್ರ ಅಲ್ಲೇ ಇರಲಿ. ಮದುವೆ ಮುಂಜಿಗೆಂದು ಯಾರಾದರೂ ಎರವಲು ಕೇಳಿಕೊಂಡು ಬಂದೇ ಬರುತ್ತಾರೆ, ಅದಕ್ಕೊಂದು ಪುಸ್ತಕ ಇಟ್ಟು ಸಹಿ ಹಾಕಿಸಿಕೊಳ್ಳಬೇಕು.